ಗಂಜಿ, ಚೊಗರು ಮತ್ತು ಬೈಲಿನ ನೀರು

ಕರಾವಳಿಯ ಪರಂಪರೆಯನ್ನು ಹೊಸ ವಿನ್ಯಾಸಕ್ಕೆ ತರುವುದೆಂದರೆ ಈಚೆಗೆ ಬಹುಮಟ್ಟಿಗೆ ಅದರ ಚಿತ್ರವನ್ನು ತೆಗೆದು ಬೇರೊಂದರ ಮೇಲೆ ಕೂರಿಸುವುದು ಎಂದೇ ಆಗಿಬಿಟ್ಟಿದೆ. ಯಕ್ಷಗಾನದ ಕಿರೀಟ ಟೀ ಶರ್ಟಿನ ಎದೆಗೆ ಬಂತು, ಕಂಬಳದ ಕೋಣಗಳು ರಸ್ತೆಬದಿಯ ಗೋಡೆಗೆ ಬಂದವು, ದೈವದ ಅಣಿ ಹೋಟೆಲಿನ ಹಜಾರಕ್ಕೂ ಬಂತು. ಅಂಗಿಯ ಬಟ್ಟೆ ಎಲ್ಲಿಯದೋ, ಬಣ್ಣ ಯಾವ ಕಾರ್ಖಾನೆಯದೋ, ಹೊಲಿದವರು ಯಾರೋ. ನಮ್ಮದೆನ್ನಲು ಉಳಿದಿರುವುದು ಆ ಒಂದು ಅಚ್ಚು ಮಾತ್ರ. ಕಲೆಯೂ ಪರಂಪರೆಯೂ ನಿಜವಾಗಿ ಬೆರೆಯುವುದು ಕೆಲಸದ ಕ್ರಮದಲ್ಲಿ, ವಸ್ತುವಿನ ಆಯ್ಕೆಯಲ್ಲಿ, ಕೆಲಸ ಮಾಡಿದವರ ಕೂಲಿಯಲ್ಲಿ ಎಂಬುದು ನನ್ನ ವಾದ. ಸೀರೆಗೆ ಇದು ಎಷ್ಟು ಸಲ್ಲುತ್ತದೋ ಉದ್ಯಾನಕ್ಕೂ ಅಷ್ಟೇ ಸಲ್ಲುತ್ತದೆ.

ಉಡುಪಿ ಸೀರೆಯನ್ನೇ ತೆಗೆದುಕೊಳ್ಳಿ. ಒಂಟಿ ಎಳೆಯ ಹತ್ತಿ ನೂಲಿನಲ್ಲಿ ನೇಯುವ, ಸೆಕೆಯ ಊರಿಗೆ ಹೇಳಿ ಮಾಡಿಸಿದಂಥ ಹಗುರ ಸೀರೆ ಅದು. ಒಂಟಿ ಎಳೆ ಮಗ್ಗದ ಬಡಿತವನ್ನು ತಾಳುವುದಿಲ್ಲ, ಹಾಗಾಗಿ ಹಾಸಿನ ನೂಲಿಗೆ ಅಕ್ಕಿ ಗಂಜಿ ಹಾಕಬೇಕು. ಗಂಜಿ ಹೆಚ್ಚಾದರೆ ನೂಲು ಸೆಟೆದು ಮುರಿಯುತ್ತದೆ. ಕಡಿಮೆಯಾದರೆ ನಾರು ಎದ್ದು ತುಂಡಾಗುತ್ತದೆ. ಆ ಹದ ಬರಹದಲ್ಲಿ ಸಿಗುವುದಿಲ್ಲ, ಕೈಯಲ್ಲಿ ಮಾತ್ರ ಇದೆ. ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಮೇಲೂ ಈ ಸೀರೆ ಚೇತರಿಸಿಕೊಂಡಿರಲಿಲ್ಲ. 2018ರ ಹೊತ್ತಿಗೆ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಹಕಾರ ಸಂಘದಲ್ಲಿ ಬೆರಳೆಣಿಕೆಯ ನೇಕಾರರು ಉಳಿದಿದ್ದರು, ಅವರಲ್ಲೂ ಹೆಚ್ಚಿನವರು ವಯಸ್ಸಾದವರು. ಆಗ ಆ ಸಂಘದ ಜೊತೆ ಕೈಜೋಡಿಸಿದ್ದು ಮಮತಾ ರೈ ಅವರ ಮುಂದಾಳತ್ವದ ಕಾರ್ಕಳದ ಕದಿಕೆ ಟ್ರಸ್ಟ್. ಮಗ್ಗ ಬಿಟ್ಟವರನ್ನು ಮತ್ತೆ ಮಗ್ಗಕ್ಕೆ ತರುವುದು, ಹೊಸಬರಿಗೆ ತರಬೇತಿ, ಸೀರೆಗೆ ನ್ಯಾಯವಾದ ಬೆಲೆ ಇವೇ ಅದರ ಮುಖ್ಯ ಕೆಲಸಗಳಾದವು. ನೈಸರ್ಗಿಕ ಬಣ್ಣವೂ ಬಂತು, ಅದರಲ್ಲಿ ಅಡಿಕೆ ಚೊಗರು ಮುಖ್ಯವಾದದ್ದು. ಎಳೆ ಅಡಿಕೆಯನ್ನು ಬೇಯಿಸಿದಾಗ ಉಳಿಯುವ ಈ ಒಗರು ನೀರಿನಲ್ಲಿ ನೂಲನ್ನು ಅದ್ದಿ ಪಟಿಕ ಸೇರಿಸಿದರೆ ಕೆಂಗಂದು ಬಣ್ಣ, ಕಬ್ಬಿಣದ ಅಂಶ ಸೇರಿಸಿದರೆ ಬೂದುಗಪ್ಪು. ಅಡಿಕೆ ತೋಟದ ಊರಿನವರಿಗೆ ಬಣ್ಣ ಹುಡುಕಿಕೊಂಡು ದೂರ ಹೋಗುವ ಅಗತ್ಯವೇ ಇಲ್ಲ. ಸೆರಗಿನಲ್ಲಿ ಒಂದೇ ಒಂದು ಯಕ್ಷಗಾನದ ವೇಷವಿಲ್ಲದಿದ್ದರೂ ಆ ಸೀರೆ ಈ ನೆಲದ್ದೇ.

ಇದಕ್ಕೆ ಒಂದು ಗಟ್ಟಿ ಆಕ್ಷೇಪವಿದೆ: ಯಾವ ಪರಂಪರೆ ಶುದ್ಧವಾಗಿತ್ತು? ಮಂಗಳೂರಿನಲ್ಲಿ 19ನೇ ಶತಮಾನದ ನಡುವೆ ನೇಯ್ಗೆಯನ್ನು ಉದ್ಯಮವಾಗಿ ಬೆಳೆಸಿದ್ದು ಬಾಸೆಲ್ ಮಿಷನ್. 1851ರಲ್ಲಿ ಆ ಮಿಷನ್ನಿನ ಕೆಲಸಕ್ಕೆ ಬಂದ ಜಾನ್ ಹಾಲರ್ ಯುರೋಪಿನ ಮಗ್ಗ ತಂದರು, ಖಾಕಿ ಬಣ್ಣವೂ ಇಲ್ಲಿಯೇ ಹುಟ್ಟಿತೆಂಬ ಮಾತು ಪ್ರಚಲಿತವಿದೆ. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಅದೇ ಮಿಷನ್ನಿನ ಪ್ಲೆಬ್‌ಸ್ಟ್ ಕೂಡ ಜರ್ಮನ್. ಕೊಡಿಯಾಲ್‌ಬೈಲಿನ ಪಕ್ಕದ ಗುಡ್ಡದ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್‌ನ ಗೋಡೆಗಳನ್ನು 1899ರಿಂದ 1901ರವರೆಗೆ ಚಿತ್ರಿಸಿದ ಅಂತೋನಿಯೊ ಮೊಸ್ಕೇನಿ ಇಟಲಿಯವರು. ಇವೆಲ್ಲ ಸತ್ಯ, ಮತ್ತು ಇವು ನನ್ನ ವಾದವನ್ನೇ ಬಲಪಡಿಸುತ್ತವೆ. ಹೆಂಚು ಮಂಗಳೂರಿನದಾದದ್ದು ಅದರ ಮೇಲೆ ಊರಿನ ಹೆಸರು ಒತ್ತಿದ್ದರಿಂದಲ್ಲ. ನೇತ್ರಾವತಿ, ಗುರುಪುರ ಹೊಳೆಗಳ ಜೇಡಿ, ಇಲ್ಲಿನ ಮಳೆಗೆ ತಕ್ಕ ಇಳಿಜಾರು, ಇಲ್ಲಿನ ಕೂಲಿಕಾರರ ಕೈ ಇವು ಕೂಡಿದ್ದರಿಂದ ಅದು ಮಂಗಳೂರಿನದಾಯಿತು. ಹೊರಗಿನ ತಂತ್ರವನ್ನು ಈ ನೆಲ ಹೀಗೆ ಜೀರ್ಣಿಸಿಕೊಂಡಿದೆ. ಹೊರಗೆ ಅಚ್ಚಾಗಿ ಬಂದ ಬಟ್ಟೆಯ ಮೇಲೆ ಕೋಣದ ಚಿತ್ರ ಹಾಕಿದರೆ ಅಂಥ ಜೀರ್ಣಕ್ರಿಯೆ ನಡೆಯುವುದಿಲ್ಲ.

ಭೂದೃಶ್ಯದ ವಿಷಯದಲ್ಲಿ ನಮ್ಮ ಸ್ಥಿತಿ ಸೀರೆಗಿಂತ ಹಿಂದಿದೆ. ತುಳುನಾಡಿನ ಕೃಷಿಕರು ನೆಲವನ್ನು ಬೆಟ್ಟು, ಮಜಲು, ಬೈಲು ಎಂದು ನೀರಿನ ಲೆಕ್ಕದಲ್ಲಿ ವಿಂಗಡಿಸಿದ್ದರು: ಬೆಟ್ಟಿನಲ್ಲಿ ಮಳೆಗಾಲದ ಒಂದೇ ಬೆಳೆ, ಮಜಲಿನಲ್ಲಿ ಎರಡು, ತಗ್ಗಿನ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಮೂರೂ. ಮೇಲಿನ ಮುರಕಲ್ಲಿನ ಗುಡ್ಡ ನೀರನ್ನು ಹೀರಿ ನಿಧಾನವಾಗಿ ಬಿಡುತ್ತಿತ್ತು, ತೋಡು ಅದನ್ನು ಒಯ್ಯುತ್ತಿತ್ತು, ಮಳೆ ನಿಂತ ಮೇಲೆ ತೋಡಿಗೆ ಹಾಕಿದ ಕಟ್ಟ ಅದನ್ನು ತಡೆದಿಡುತ್ತಿತ್ತು. ಇದಕ್ಕಿಂತ ಚೊಕ್ಕ ಭೂದೃಶ್ಯ ವಿನ್ಯಾಸ ನನಗೆ ತಿಳಿದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರಿನಲ್ಲಿ ಆ ತೋಡು, ಬೈಲುಗಳನ್ನು ಮುಚ್ಚಿ ಕಾಂಕ್ರೀಟ್ ಹಾಕಿದ್ದರ ಫಲವನ್ನು 2018ರ ಮೇ 29ರ ಮಳೆಯಲ್ಲಿ ಮಂಗಳೂರು ನಗರ ಕಂಡಿತು. ಕೊಡಿಯಾಲ್‌ಬೈಲ್, ಕುದ್ರೋಳಿಯಂಥ ತಗ್ಗು ಪ್ರದೇಶಗಳ ರಸ್ತೆಗಳು ಹೊಳೆಗಳಾದವು. ಬೈಲಿನ ನೀರಿಗೆ ಬೇರೆ ದಾರಿ ಇರಲಿಲ್ಲ. ಆ ಬಳಿಕವೂ ಉದ್ಯಾನವೆಂದರೆ ಮೆಕ್ಸಿಕನ್ ಹುಲ್ಲು, ಇಂಟರ್‌ಲಾಕ್ ಹಾಸು, ನಡುವೆ ಒಂದು ಸಿಮೆಂಟಿನ ಯಕ್ಷಗಾನ ಪ್ರತಿಮೆ ಎಂಬ ಕಲ್ಪನೆ ಹೋಗಿಲ್ಲ.

ಪ್ರತಿಮೆಯಿಂದ ಮಕ್ಕಳಿಗೆ ನೆನಪಾದರೂ ಉಳಿಯುತ್ತದಲ್ಲ ಎನ್ನುವವರು ಶಿಗ್ಗಾವಿ ಬಳಿಯ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ತೋರಿಸುತ್ತಾರೆ. ಟಿ.ಬಿ. ಸೊಲಬಕ್ಕನವರ್ ಕಟ್ಟಿದ ಆ ತಾಣಕ್ಕೆ ಗೌರವ ಸಲ್ಲಬೇಕು. ಅಲ್ಲಿ ಗ್ರಾಮಜೀವನವನ್ನು ಶಿಲ್ಪವಾಗಿ ತೋರಿಸುವುದೇ ಗುರಿ, ಶಿಲ್ಪಿಗಳ ಕಸುಬು ಅದರ ಉಸಿರು. ನಗರದ ಮೂಲೆಯ ಪಾರ್ಕಿನ ಗುರಿ ಬೇರೆ: ನೆರಳು, ನೀರು ಇಂಗುವ ನೆಲ, ಕೂರಲು ಜಾಗ. ಒಂದರ ರೂಪವನ್ನು ಇನ್ನೊಂದಕ್ಕೆ ತಂದಿಟ್ಟರೆ ಎರಡೂ ಕೆಡುತ್ತವೆ.

ಉಳಿದದ್ದು ದುಡ್ಡಿನ ಮಾತು. ಕೈಮಗ್ಗ, ಚೊಗರು, ಮುರಕಲ್ಲಿನ ಕಟ್ಟೆ ಇವೆಲ್ಲ ಉಳ್ಳವರಿಗೆ ಮಾತ್ರ ಎಂಬ ದೂರು ಸುಳ್ಳಲ್ಲ. ರಂಗಕರ್ಮಿ ಪ್ರಸನ್ನ ಕಟ್ಟಿ ಬೆಳೆಸಿದ, ಹೆಗ್ಗೋಡು ಬಳಿಯ ಭೀಮನಕೋಣೆಯ ಕೈಮಗ್ಗದ ಚರಕ ಮಹಿಳಾ ಸಹಕಾರಿ 2020ರಲ್ಲಿ ಮಾರಾಟವಿಲ್ಲದೆ ಮುಚ್ಚುವ ಮಾತಾಡಬೇಕಾಯಿತು. ಹಳೆಯ ಕ್ರಮವನ್ನು ಹೊಗಳುವಾಗ ಇನ್ನೊಂದನ್ನೂ ಮರೆಯಬಾರದು. ಬೈಲಿನ ಮೂರು ಬೆಳೆಯ ಹಿಂದೆ ಗೇಣಿ ಒಕ್ಕಲಿನವರ, ಮೂಲದಾಳುಗಳ ಬೆವರಿತ್ತು. 1974ರ ಭೂಸುಧಾರಣೆಯ ತಿದ್ದುಪಡಿ ಆ ಗೇಣಿಯ ಸಂಬಂಧವನ್ನು ಮುರಿದದ್ದು ಒಳ್ಳೆಯದಕ್ಕೇ. ನೇಕಾರ ಸಮುದಾಯವಾದ ಶೆಟ್ಟಿಗಾರರ ಮಕ್ಕಳು ಮಗ್ಗ ಬಿಟ್ಟು ಮುಂಬಯಿಗೋ ಕೊಲ್ಲಿಗೋ ಹೋದರೆ ಯಾರೂ ಅವರನ್ನು ದೂರುವಂತಿಲ್ಲ. ಜ್ಞಾನ ಉಳಿಯಬೇಕು, ಅದನ್ನು ಹೊತ್ತವರ ಬಡತನ ಉಳಿಯಬಾರದು. ಆದ್ದರಿಂದಲೇ ಕೂಲಿಯ ಪ್ರಶ್ನೆ ವಿನ್ಯಾಸದ ಒಳಗೇ ಬರಬೇಕು, ಮತ್ತು ಅದನ್ನು ಕೊಳ್ಳುವವರ ಸದ್ಬುದ್ಧಿಗಷ್ಟೇ ಬಿಡುವಂತಿಲ್ಲ. ಸರ್ಕಾರ ಶಾಲೆಗೆ, ಆಸ್ಪತ್ರೆಗೆ, ಕಚೇರಿಗೆ ಬಟ್ಟೆ ಕೊಳ್ಳುತ್ತಲೇ ಇರುತ್ತದೆ. ಆ ಖರೀದಿಯ ಒಂದು ಪಾಲು ಸಹಕಾರ ಸಂಘಗಳಿಗೆ ಬರಲಿ. ನಗರಪಾಲಿಕೆ ಉದ್ಯಾನದ ಟೆಂಡರ್ ಕರೆಯುವಾಗ ಅಲಂಕಾರದ ನಕ್ಷೆಗೆ ಮೊದಲು ಮೂರು ಸಂಗತಿ ಕೇಳಲಿ: ಆ ಜಾಗ ಬೆಟ್ಟೋ ಮಜಲೋ ಬೈಲೋ, ಬಿದ್ದ ಮಳೆ ಯಾವ ತೋಡಿಗೆ ಸೇರುತ್ತದೆ, ಮುರಕಲ್ಲು ಕಟ್ಟುವವರಿಗೆ ದಿನಕ್ಕೆಷ್ಟು ಕೊಡುತ್ತಾರೆ. ಬಲ್ಲಾಳ್‌ಬಾಗ್‌ನ ಹಳೆಯ ಕೊಡಿಯಾಲ್‌ಗುತ್ತು ಮನೆ ಈಗ ಕಲೆ ಮತ್ತು ಸಂಸ್ಕೃತಿಯ ಕೇಂದ್ರವಾಗಿದೆ. ಅಲ್ಲಿ ಚಿತ್ರಗಳ ಪ್ರದರ್ಶನದ ಜೊತೆ, ಮುಚ್ಚಿಹೋದ ತೋಡುಗಳ ಹಳೆಯ ಸರ್ವೆ ನಕ್ಷೆಗಳನ್ನೂ ಗೋಡೆಗೆ ಹಾಕಿ ಯುವ ವಿನ್ಯಾಸಕರನ್ನು ಕರೆದು ಕೂರಿಸಿದರೆ, ಕೆಲಸ ಅಲ್ಲಿಂದ ಶುರುವಾಗಬಹುದು.