ಕರ್ಣವೈದ್ಯ ಗ್ರೇಮ್ ಕ್ಲಾರ್ಕ್

ವಿದ್ವಾಂಸನಿಗೆ ನಮ್ಮ ಪೂರ್ವಿಕರು 'ಬಹುಶ್ರುತ'ನೆಂದು ಹೆಸರಿಟ್ಟರು. ಬಹಳ ಓದಿದವನೆಂದಲ್ಲ, ಬಹಳ ಕೇಳಿದವನೆಂದು ಅದರ ಅರ್ಥ. ಹುಟ್ಟುಕಿವುಡಾದ ಕೂಸಿಗೆ ಮಾತು ಬಾರದಿರುವದು ಸಾಮಾನ್ಯವಾಗಿ ನಾಲಿಗೆಯ ದೋಷದಿಂದಲ್ಲ. ಎಂದೂ ಕೇಳದ ಮಾತನ್ನು ಅದು ಆಡುವದಾದರೂ ಹೇಗೆ? ಇದನ್ನರಿಯದೆ ನಮ್ಮ ನವಲಗುಂದ, ಕಲಘಟಗಿ ಸೀಮೆಯ ಮನೆಗಳಲ್ಲಿ "ಅವರಪ್ಪನೂ ತಡಾ ಮಾಡಿ ಮಾತು ಕಲ್ತಾನು, ಇವನೂ ಕಲೀತಾನ ಬಿಡ್ರಿ" ಎಂದು ಹಿರಿಯರು ಸಮಾಧಾನ ಹೇಳುವದುಂಟು. ಆ ಸಮಾಧಾನದಲ್ಲಿಯೇ ಎರಡು-ಮೂರು ವರ್ಷಗಳು ಕಳೆದುಹೋಗುತ್ತವೆ. ಆ ವರ್ಷಗಳ ಬೆಲೆ ಎಷ್ಟೆಂಬುದು ತಿಳಿಯಲೆಂದು ಈ ತಿಂಗಳು ಒಬ್ಬ ಕರ್ಣವೈದ್ಯರ ವೃತ್ತಾಂತವನ್ನು ವಾಚಕರ ಮುಂದಿಡುತ್ತೇವೆ.

ಗ್ರೇಮ್ ಕ್ಲಾರ್ಕ್ ಎಂಬವರು ೧೯೩೫ನೆಯ ಇಸವಿಯಲ್ಲಿ ಆಸ್ಟ್ರೇಲಿಯಾದ ಕ್ಯಾಮ್ಡೆನ್ ಎಂಬ ಊರಿನಲ್ಲಿ ಜನಿಸಿದರು. ತಂದೆಗೆ ಔಷಧದ ಅಂಗಡಿ, ಕಿವಿ ಮಂದ. ಗಿರಾಕಿಗಳು ತಮ್ಮ ಗುಪ್ತವಾದ ಬೇನೆಯನ್ನು ಮೆಲ್ಲಗೆ ಹೇಳಿದರೆ ಅವರಿಗೆ ಕೇಳಿಸದು; ಗಟ್ಟಿಯಾಗಿ ಹೇಳಿದರೆ ಅಂಗಡಿಯೆಲ್ಲ ಕೇಳುವದು. ಈ ಸಂಕೋಚವನ್ನು ನೋಡುತ್ತ ಬೆಳೆದ ಮಗನು ಸಿಡ್ನಿಯಲ್ಲಿ ವೈದ್ಯಶಾಸ್ತ್ರವನ್ನೋದಿ, ಬ್ರಿಟನ್ನಿನಲ್ಲಿ ಕಿವಿ-ಮೂಗು-ಗಂಟಲುಗಳ ಶಸ್ತ್ರವಿದ್ಯೆಯನ್ನು ಕಲಿತು, ಮೆಲ್ಬರ್ನಿನಲ್ಲಿ ವೃತ್ತಿಗೆ ನಿಂತನು. ಸಂಪಾದನೆಗೆ ಕೊರತೆಯಿರಲಿಲ್ಲ. ಆದರೂ ೧೯೬೭ರ ಸುಮಾರಿಗೆ, ಹೆಂಡಿರು ಮಕ್ಕಳುಳ್ಳ ಗೃಹಸ್ಥನಾಗಿದ್ದು, ನಡೆಯುತ್ತಿದ್ದ ವೃತ್ತಿಯನ್ನು ಬಿಟ್ಟು ಪುನಃ ವಿದ್ಯಾರ್ಥಿಯಾದನು. ೧೯೭೦ರಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕ ಪದವಿ ದೊರೆಯಿತು.

ಅವರು ಹಿಡಿದ ಕಾರ್ಯವೇನೆಂಬುದನ್ನು ತಿಳಿಯಲು ಕಿವಿಯ ರಚನೆಯನ್ನು ಸ್ವಲ್ಪ ನೋಡಬೇಕು. ಶಬ್ದವು ಕಿವಿಯ ತಮಟೆಗೆ ತಾಗಿದಾಗ ಅದರ ಒಳಗಿನ ಮೂರು ಕಿರಿಯ ಎಲುಬುಗಳು ಅಲುಗುವವು. ಕೊನೆಯದು ಸುಮಾರು ೩ ಮಿಲಿಮೀಟರಿನಷ್ಟು. ನಮ್ಮ ಮೈಯಲ್ಲಿ ಅದಕ್ಕಿಂತ ಸಣ್ಣ ಎಲುಬಿಲ್ಲ. ಅದರಾಚೆಗೆ ಎರಡೂವರೆ ಸುತ್ತಿನ ಶಂಖವೊಂದಿದೆ. ಶಂಖದೊಳಗಿನ ಸುಮಾರು ೧೫,೦೦೦ ರೋಮಕೋಶಗಳು ಅಲುಗಾಟವನ್ನು ವಿದ್ಯುತ್ತಾಗಿ ಮಾರ್ಪಡಿಸಿ ನರಕ್ಕೆ ಒಪ್ಪಿಸುವವು. ಎಲುಬು ಬಿಗಿದು ಕಿವುಡಾದವರಿಗೆ ೧೯೫೬ರಲ್ಲಿಯೇ ಅಮೇರಿಕೆಯ ಜಾನ್ ಶೇ ಎಂಬವರು ಕೃತಕ ಎಲುಬನ್ನು ಕೂಡಿಸಿ ಕೇಳಿಸಿದ್ದರು. ರೋಮಕೋಶಗಳೇ ನಾಶವಾದವರಿಗೆ ಮಾತ್ರ ಉಪಾಯವಿರಲಿಲ್ಲ. ಕೆಟ್ಟ ಕೋಶಗಳನ್ನು ದಾಟಿ, ತಂತಿಗಳ ಮೂಲಕ ನರಕ್ಕೇ ನೇರವಾಗಿ ಸಂಕೇತವನ್ನು ಮುಟ್ಟಿಸುವದು ಕ್ಲಾರ್ಕರ ಸಂಕಲ್ಪ. ಸಾವಿರಾರು ಕೋಶಗಳ ಕೆಲಸವನ್ನು ಬೆರಳೆಣಿಕೆಯ ತಂತಿಗಳು ಹೇಗೆ ಮಾಡುವವೆಂದು ಅನೇಕ ಪಂಡಿತರು ಅದನ್ನು ಅಲ್ಲಗಳೆದರು. ಹಣವೂ ಸಾಲದೆ ದೂರದರ್ಶನದ ಮೂಲಕ ಜನರಲ್ಲಿ ಚಂದಾ ಎತ್ತಬೇಕಾಯಿತು.

ಇನ್ನೊಂದು ತೊಡಕು: ತಿರುವುತಿರುವಾದ ಶಂಖದೊಳಗೆ ತಂತಿಯನ್ನು ಗಾಯವಾಗದಂತೆ ತೂರಿಸುವದು ಹೇಗೆ? ೧೯೭೭ರಲ್ಲಿ ಸಮುದ್ರತೀರದಲ್ಲಿ ಕುಳಿತಿದ್ದಾಗ ಕ್ಲಾರ್ಕರು ಒಂದು ಚಿಪ್ಪಿನ ಶಂಖವನ್ನೆತ್ತಿಕೊಂಡು ಅದರಲ್ಲಿ ಹುಲ್ಲಿನ ಎಸಳನ್ನು ತೂರಿಸಿ ನೋಡಿದರು. ತುದಿ ಮೆತ್ತಗೆ, ಬುಡ ಗಡುಸಾದ ಎಸಳು ಸುತ್ತುಗಳನ್ನು ಅನುಸರಿಸಿ ಒಳಹೊಕ್ಕಿತು. ತಂತಿಯನ್ನೂ ಹಾಗೆಯೇ ಮಾಡಿಸಿದರು. (ಕೋಟಿ ವೆಚ್ಚದ ಪ್ರಯೋಗಶಾಲೆಗೆ ಹುಲ್ಲೆಸಳು ಗುರುವಾದುದು ನಮಗೆ ಬಹಳೇ ಹಿಡಿಸಿತು.) ೧೯೭೮ರ ಆಗಸ್ಟ್ ೧ರಂದು, ಅಪಘಾತದಿಂದ ಕಿವುಡಾಗಿದ್ದ ರಾಡ್ ಸಾಂಡರ್ಸ್ ಎಂಬವರಿಗೆ ಶಸ್ತ್ರಕ್ರಿಯೆ ನಡೆಯಿತು. ತರುವಾಯ ಪರೀಕ್ಷೆಯಲ್ಲಿ ರಾಷ್ಟ್ರಗೀತೆಯನ್ನು ಕೇಳಿಸಲು ಅವರು ಗುರುತಿಸಿ ಎದ್ದು ನೆಟ್ಟಗೆ ನಿಂತರಂತೆ.

ಸಾಂಡರ್ಸರಿಗೆ ಮಾತಿನ ನೆನಪು ಮೊದಲೇ ಇದ್ದಿತು. ಹುಟ್ಟುಕಿವುಡು ಕೂಸಿಗೆ ಅದು ಇಲ್ಲ. ಮೊದಲಿನ ಕೆಲವು ವರ್ಷಗಳಲ್ಲಿ ಶಬ್ದವು ಮುಟ್ಟದಿದ್ದರೆ ಮಿದುಳಿನ ಆ ಭಾಗವು ಬೇರೆ ಕೆಲಸಕ್ಕೆ ಸಂದುಹೋಗುವದು. ಆಮೇಲೆ ತಂತಿಯನ್ನಿಟ್ಟರೂ ಮಾತು ಬರುವದು ದುಸ್ತರ. ಆದಕಾರಣ ತಿಂಗಳೊಳಗೆ ಕಿವಿಯ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂದು ವೈದ್ಯರು ಅವಧಿ ಹಾಕಿದ್ದಾರೆ. ಮನೆಯಲ್ಲಿ ಚಪ್ಪಾಳೆ ತಟ್ಟಿ ನೋಡುವದು ಸಾಲದು. ಕೂಸು ಶಬ್ದಕ್ಕಲ್ಲ, ಕೈಯ ಅಲುಗಾಟಕ್ಕೆ ತಿರುಗಿರಬಹುದು. ಶಸ್ತ್ರಕ್ರಿಯೆಯು ಕೆಲವು ತಾಸುಗಳದು. ಮಾತು ಕಲಿಸುವ ಅಭ್ಯಾಸ ವರ್ಷಗಟ್ಟಲೆಯದು, ಅಲ್ಲಿ ತಾಯಿಯೇ ಮುಖ್ಯ ಉಪಾಧ್ಯಾಯಿನಿ. ಈ ಯಂತ್ರವು ಮಾತನ್ನು ತಿಳಿಸಿದಷ್ಟು ಚೆನ್ನಾಗಿ ರಾಗವನ್ನು ತಿಳಿಸದು. ಸವಾಯಿ ಗಂಧರ್ವರ ಕುಂದಗೋಳದಲ್ಲಿ ಗಾಯನ ಕೇಳುತ್ತ ಕೂಡ್ರುವ ರಸಿಕರಿಗೆ ಇದು ದೊಡ್ಡ ಕೊರತೆಯೆನಿಸೀತು. ಆದರೆ "ಅವ್ವಾ" ಎಂಬ ಕರೆಗೆ ಕಾದಿರುವ ಮನೆಗೆ ಅದು ಅಷ್ಟು ದೊಡ್ಡದಲ್ಲ.

ನಮ್ಮಲ್ಲಿ ಎರಡು ರೂಢಿಗಳನ್ನು ಬಿಡಬೇಕೆಂದು ನಾವು ಸ್ಪಷ್ಟವಾಗಿ ಹೇಳುತ್ತೇವೆ. ಎರೆಯುವಾಗ ಕೂಸಿನ ಕಿವಿಯಲ್ಲಿ ಎಣ್ಣೆ ಬಿಡುವದು ಒಂದು. ಸೋರುವ ಕಿವಿಗಂತೂ ಅದು ಕೇಡು. ಸೋದರಮಾವನಿಗೆ ಹೆಣ್ಣು ಕೊಡುವದು ಇನ್ನೊಂದು. ರಕ್ತಸಂಬಂಧದ ಮದುವೆಗಳಲ್ಲಿ ಹುಟ್ಟುಕಿವುಡಿನ ಸಂಭವ ಹೆಚ್ಚು.

ಸಂಶಯ ಬಂದವರು ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ ಸ್ಥಾಪಿತವಾದ ಸರಕಾರಿ ವೈದ್ಯಕೀಯ ಕಾಲೇಜಿನ ದವಾಖಾನೆಯಲ್ಲಿ ಕಿವಿಯ ವಿಭಾಗಕ್ಕೆ ಹೋಗಬಹುದು. ಮೈಸೂರಿನಲ್ಲಿ ೧೯೬೫ರಿಂದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬಡ ಮಕ್ಕಳಿಗೆ ಕೇಂದ್ರ ಸರಕಾರದ ಅಡಿಪ್ ಯೋಜನೆಯಿಂದ ಯಂತ್ರವು ದೊರೆಯುವದುಂಟು. ಅದಕ್ಕೂ ವಯಸ್ಸಿನ ಮಿತಿಯಿದೆ. ಕಿವಿಯ ಹಿಂದೆ ತೊಡುವ ಹೊರಭಾಗಕ್ಕೆ ಬ್ಯಾಟರಿ ಬೇಕು, ತಂತಿ ಹರಿದರೆ ಹೊಸದು ಬೇಕು. ಆ ಖರ್ಚು ಯಾರದೆಂಬುದನ್ನು ಶಸ್ತ್ರಕ್ರಿಯೆಗೆ ಮುಂಚಿತವಾಗಿಯೇ ವೈದ್ಯರಲ್ಲಿ ಕೇಳಿ ಬರೆದಿಟ್ಟುಕೊಳ್ಳತಕ್ಕದ್ದು.