ಲಕ್ವದ ನಂತರದ ನೋವು ನಾಟಕವಲ್ಲ

ಅಡಿಕೆ ಮರದ ಸೋಗೆ ಹಳದಿಯಾದರೆ ಮರ ನಾಟಕ ಮಾಡುತ್ತಿದೆ ಎಂದು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಬುಡ ಬಿಡಿಸಿ ಬೇರು ನೋಡುತ್ತೇವೆ, ಕಣಿಯಲ್ಲಿ ನೀರು ನಿಂತಿದೆಯೇ ಎಂದು ನೋಡುತ್ತೇವೆ. ಗೊತ್ತಾಗದಿದ್ದರೆ ಕಾಸರಗೋಡಿನ ಸಿ.ಪಿ.ಸಿ.ಆರ್.ಐ.ಗೆ ಹೋಗಿ ಕೇಳುತ್ತೇವೆ. ಆದರೆ ಲಕ್ವ ಹೊಡೆದ ಮನುಷ್ಯ "ಕೈ ಉರಿಯುತ್ತದೆ" ಎಂದರೆ ನಂಬಲು ಹಿಂದೆಮುಂದೆ ನೋಡುತ್ತೇವೆ.

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ಯಜಮಾನರಿಗೆ ಎಡಬದಿಗೆ ಲಕ್ವ ಹೊಡೆಯಿತು. ಎರಡು ತಿಂಗಳಲ್ಲಿ ಕೋಲು ಹಿಡಿದು ತೋಟದವರೆಗೆ ನಡೆದರು. ಇನ್ನು ಸಮ ಆಗುತ್ತದೆ ಎನ್ನುವಾಗ ಕೈಯ ಉರಿ ಸುರುವಾಯಿತು. ಮುಟ್ಟಿದರೆ ಸರಿಯಾಗಿ ತಿಳಿಯದ ಕೈ, ಅಂಗಿ ತಾಗಿದರೆ ಬೆಂಕಿ! ಬೆಳಿಗ್ಗೆ ಹತ್ತು ಗಂಟೆಗೇ ದಣಿವು. ಯಾರಾದರೂ ಊರಿನ ಸುದ್ದಿ ತೆಗೆದರೆ ಕಾರಣವಿಲ್ಲದೆ ಅಳು. ಸ್ಕ್ಯಾನ್ ಮಾಡಿಸಿದೆವು. "ಹೊಸದೇನೂ ಇಲ್ಲ" ಎಂದರು. ನೋಡಲು ಬಂದವರಲ್ಲಿ ಒಬ್ಬರು ಉದಾಸೀನ ಎಂದರು, ಒಬ್ಬರು ಯಾರೋ ಮಾಡಿಸಿದ್ದು ಎಂದರು, ಮತ್ತೊಬ್ಬರು ಎಂಡೋಸಲ್ಫಾನ್ ಎಂದರು.

ಎಂಡೋಸಲ್ಫಾನಿನ ಮಾತನ್ನು ನಾವು ಹಗುರವಾಗಿ ತೆಗೆದುಕೊಳ್ಳುವವರಲ್ಲ. 2000ನೇ ಇಸವಿಯವರೆಗೂ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಅದನ್ನು ಸಿಂಪಡಿಸಿದ ಜಿಲ್ಲೆ ನಮ್ಮದು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ. ಎಸ್. ಮೋಹನ್ ಕುಮಾರ್ ಅವರು ತಮ್ಮ ರೋಗಿಗಳಲ್ಲಿ ಕಂಡ ವಿಚಿತ್ರ ಕಾಯಿಲೆಗಳನ್ನು ಗಮನಿಸಿ, ಲೆಕ್ಕವಿಟ್ಟು, ಹೊರಗಿನವರ ಮುಂದಿಟ್ಟರು. 2011ರಲ್ಲಿ ಸುಪ್ರೀಂ ಕೋರ್ಟು ಇಡೀ ದೇಶದಲ್ಲಿ ಆ ವಿಷವನ್ನು ತಡೆಯಿತು. ಇದರಿಂದ ನಾವು ಕಲಿಯಬೇಕಾದದ್ದು ಎಲ್ಲ ರೋಗಕ್ಕೂ ಅದೇ ಕಾರಣ ಎಂದಲ್ಲ. ಕಂಡದ್ದನ್ನು ಬರೆದಿಟ್ಟು, ಉತ್ತರ ಸಿಗುವ ತನಕ ಕೇಳಬೇಕು ಎಂಬುದನ್ನು.

ನಾವೂ ಹಾಗೆಯೇ ಮಾಡಿದೆವು. ಮಕ್ಕಳ ಹಳೆಯ ನೋಟು ಪುಸ್ತಕದಲ್ಲಿ ಉರಿ ಬಂದ ಹೊತ್ತು, ಆಗ ಮಾಡುತ್ತಿದ್ದ ಕೆಲಸ, ಎಷ್ಟು ಹೊತ್ತು ಇತ್ತು, ಯಾವ ಮಾತ್ರೆ ಕೊಟ್ಟೆವು ಎಂದು ಒಂದು ತಿಂಗಳು ಬರೆದೆವು. ಮಂಗಳೂರಿನಲ್ಲಿ ನರರೋಗದ ವೈದ್ಯರು ಅದನ್ನು ಓದಿ, ಕೈಯನ್ನು ಹತ್ತಿಯಿಂದ, ಸೂಜಿಯಿಂದ ಮುಟ್ಟಿ ನೋಡಿ, ನೋವಿನ ಮೂಲ ಹೇಳಿದರು. ಕೈಯಿಂದ ಬರುವ ಸುದ್ದಿಯನ್ನು ತಿಳಿಯುವ ಮೆದುಳಿನ ಭಾಗಕ್ಕೇ ಪೆಟ್ಟು ಬಿದ್ದರೆ ಕೈಯಲ್ಲಿ ಗಾಯವಿಲ್ಲದೆಯೂ ನೋವಾಗುತ್ತದೆ. ಲಕ್ವವಾಗಿ ವಾರಗಳು, ತಿಂಗಳುಗಳು ಕಳೆದ ಮೇಲೂ ಇದು ಆರಂಭವಾಗಬಹುದು. ಫ್ರಾನ್ಸಿನ ಡೆಜೆರಿನ್ ಮತ್ತು ರೂಸಿ ಎಂಬ ವೈದ್ಯರು ಇಂಥ ನೋವನ್ನು 1906ರಲ್ಲೇ ವಿವರಿಸಿದ್ದಾರೆ. ಸಾಮಾನ್ಯ ನೋವಿನ ಮಾತ್ರೆಗೆ ಅದು ಹೆಚ್ಚಾಗಿ ಬಗ್ಗುವುದಿಲ್ಲ, ನರಗಳಿಗೆ ಬೇರೆ ಔಷಧಿ ಬೇಕು. ಕಾರಣವಿಲ್ಲದ ಅಳು, ನಗು, ವಿಪರೀತ ದಣಿವು ಕೂಡ ಲಕ್ವದ ನಂತರ ಬರುವಂಥವೇ. ಮನಸ್ಸು ಕುಗ್ಗುವುದೂ ಉಂಟು, ಅದಕ್ಕೂ ಚಿಕಿತ್ಸೆಯಿದೆ.

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟೆ. ಹಗಲು ರಾತ್ರಿ ಜೊತೆಗಿರುವ ಹೆಂಡತಿ ಅಥವಾ ಗಂಡನೇ ಇಂಥ ರೋಗಕ್ಕೆ ಮುಖ್ಯ ಸಾಕ್ಷಿ. ವೈದ್ಯರ ಕೋಣೆಯ ಹೊರಗೆ ನಿಲ್ಲಬೇಡಿ, ಪುಸ್ತಕ ಹಿಡಿದು ಒಳಗೆ ಹೋಗಿ. "ಹೇಗಿದ್ದಾರೆ?" ಎಂದರೆ "ಅಡ್ಡಿಯಿಲ್ಲ" ಎಂದು ಮುಗಿಸಬೇಡಿ. ಒಬ್ಬರಲ್ಲಿ ಉತ್ತರ ಸಿಗದಿದ್ದರೆ ಇನ್ನೊಬ್ಬರನ್ನು ಕೇಳುವುದು ಅವಮಾನವಲ್ಲ.

ಎರಡು ಎಚ್ಚರಿಕೆ. ಸ್ಪರ್ಶ ತಿಳಿಯದ ಕೈಗೆ ಬಿಸಿ ಎಣ್ಣೆ, ಬಿಸಿ ನೀರಿನ ಶಾಖ ಕೊಡಬೇಡಿ, ಸುಟ್ಟರೂ ಗೊತ್ತಾಗುವುದಿಲ್ಲ. ಬಾಯಿ ಸೊಟ್ಟಗಾಗುವುದು, ಮಾತು ತೊದಲುವುದು, ಕೈಕಾಲು ಬಲ ಕಳೆದುಕೊಳ್ಳುವುದು ಹೊಸದಾಗಿ ಕಂಡರೆ ಪುಸ್ತಕ ಬರೆಯುತ್ತಾ ಕೂರಬೇಡಿ. ರಕ್ತದ ಹೆಪ್ಪು ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ಕೂಡಲೇ ಹೊರಡಿ.

ನಮ್ಮ ಮನೆಯವರ ಉರಿ ಪೂರ್ತಿ ಹೋಗಿಲ್ಲ. ಆದರೆ ರಾತ್ರಿ ನಿದ್ದೆ ಬರುತ್ತದೆ. ನೋವು ಸುಳ್ಳಲ್ಲ ಎಂದು ಮನೆಮಂದಿ ಒಪ್ಪಿದ ದಿನವೇ ಅವರ ಮುಖದ ಭಾರ ಅರ್ಧ ಇಳಿಯಿತು.