ಬೆಳಕಿನ ಖಡ್ಗ ಮಂಕಾದದ್ದೇಕೆ?

ಶಾಲಾ ವಾರ್ಷಿಕೋತ್ಸವಕ್ಕೆ ಇನ್ನು ಎರಡೇ ದಿನ. ಎಂಟನೇ ತರಗತಿಯ ಹುಡುಗನೊಬ್ಬ ನಾಟಕಕ್ಕೆಂದು ಕೈಯಾರೆ ಬೆಳಕಿನ ಖಡ್ಗ ಮಾಡಿದ್ದಾನೆ. ಒಂದು ಮೀಟರ್ ಉದ್ದದ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ, ಅದರೊಳಗೆ ನೀಲಿ ಎಲ್‌ಇಡಿಗಳ ಪಟ್ಟಿ, ಹಿಡಿಯಲ್ಲಿ 9 ವೋಲ್ಟಿನ ಚೌಕ ಬ್ಯಾಟರಿ, ಒಂದು ಸ್ವಿಚ್ಚು. ಸ್ವಿಚ್ಚು ಒತ್ತಿದರೆ ಬೆಳಕೇನೋ ಬರುತ್ತದೆ, ಆದರೆ ಎಣ್ಣೆ ತೀರಿದ ಹಣತೆಯಂತೆ. ಗೆಳೆಯನ ಖಡ್ಗಕ್ಕೂ ಅದೇ ಅಂಗಡಿಯ ಪಟ್ಟಿ, ಅಂಥದೇ ಬ್ಯಾಟರಿ. ಬಣ್ಣ ಮಾತ್ರ ಕೆಂಪು. ಅದು ಪರವಾಗಿಲ್ಲ ಎನ್ನುವಷ್ಟು ಬೆಳಗುತ್ತದೆ.

‘ಬಿಡೋ, ಅಂಗಡೀಲಿ ರೆಡಿಮೇಡ್ ಸಿಗುತ್ತೆ’ ಎಂದರು ತಂದೆ. ‘ಬೇಡಪ್ಪಾ, ಇದೇ ಉರೀಬೇಕು’ ಎಂದ ಮಗ.

ಇಂಥ ಖಡ್ಗದ ಆಸೆ ಹುಟ್ಟಿಸಿದ್ದು 1977ರ ‘ಸ್ಟಾರ್ ವಾರ್ಸ್’ ಚಿತ್ರ. ಅಲ್ಲಿ ನಾಯಕ ಹಿಡಿದ ಖಡ್ಗದ ಹಿಡಿ ಹಳೆಯ ಗ್ರಾಫ್ಲೆಕ್ಸ್ ಕ್ಯಾಮರಾದ ಫ್ಲ್ಯಾಶ್ ಹಿಡಿಕೆ. ಕಣ್ಣು ಕುಕ್ಕುವ ಆ ಹೊಳಪನ್ನು ಚಿತ್ರೀಕರಣವಾದ ಮೇಲೆ ಫಿಲ್ಮಿನ ಒಂದೊಂದು ಚೌಕಟ್ಟಿಗೂ ಸೇರಿಸಿದ್ದರು. ಮನೆಯಲ್ಲಿ ಮಾಡಿದ ಖಡ್ಗಕ್ಕೆ ಆ ಸೌಲಭ್ಯವಿಲ್ಲ. ಅದು ನಿಜವಾಗಿಯೇ ಬೆಳಗಬೇಕು.

ಬಣ್ಣಕ್ಕೆ ತಕ್ಕ ವೋಲ್ಟ್

ತಂದೆ ಕೊನೆಗೆ ಮಲ್ಟಿಮೀಟರ್ ತಂದರು. ಬ್ಯಾಟರಿಯನ್ನು ಹಾಗೆಯೇ ಅಳೆದಾಗ 9 ವೋಲ್ಟ್ ತೋರಿಸಿತು. ದೀಪ ಹೊತ್ತಿಸಿ ಅಳೆದಾಗ 8.5ಕ್ಕೆ ಇಳಿಯಿತು. ಬ್ಯಾಟರಿಯ ನಿಜವಾದ ಬಲ ತಿಳಿಯುವುದು ಕೆಲಸ ಮಾಡುವಾಗಲೇ ಹೊರತು ವಿಶ್ರಾಂತಿಯಲ್ಲಿ ಅಲ್ಲ.

ಆದರೆ ಮೂಲ ದೋಷ ಬ್ಯಾಟರಿಯದಲ್ಲ, ಜೋಡಿಯದು. ಪಟ್ಟಿಯ ಮೇಲೆ 12 ವೋಲ್ಟ್ ಎಂದು ಅಚ್ಚಾಗಿತ್ತು. ಇಂಥ ಪಟ್ಟಿಯಲ್ಲಿ ಸಾಮಾನ್ಯವಾಗಿ ಮೂರು ಎಲ್‌ಇಡಿ ಹಾಗೂ ಒಂದು ರೆಸಿಸ್ಟರ್ ಒಂದರ ಹಿಂದೊಂದು ಸೇರಿ ಒಂದು ಗುಂಪಾಗಿರುತ್ತವೆ. ನೀಲಿ ಅಥವಾ ಬಿಳಿ ಎಲ್‌ಇಡಿ ಚೆನ್ನಾಗಿ ಬೆಳಗಲು ಸುಮಾರು 3 ವೋಲ್ಟ್ ಬೇಕು. ಮೂರಕ್ಕೆ 9 ವೋಲ್ಟ್ ಆಯಿತು. ಬ್ಯಾಟರಿಯಲ್ಲಿ ಇರುವುದೇ ಅಷ್ಟು! ಪ್ರವಾಹವನ್ನು ತಳ್ಳಲು ಏನೂ ಉಳಿಯುವುದಿಲ್ಲ. ಕೆಂಪು ಎಲ್‌ಇಡಿಗಾದರೆ ಸುಮಾರು 2 ವೋಲ್ಟ್ ಸಾಕು. ಮೂರಕ್ಕೆ 6 ಆಗಿ ಇನ್ನೂ 3 ಉಳಿಯುತ್ತದೆ. ಗೆಳೆಯನ ಖಡ್ಗದ ಗುಟ್ಟು ಇದೇ.

ಈ ವ್ಯತ್ಯಾಸವೇಕೆ? ನೀಲಿ ಬೆಳಕಿನ ಕಣದಲ್ಲಿರುವ ಶಕ್ತಿ ಕೆಂಪು ಬೆಳಕಿನದಕ್ಕಿಂತ ಹೆಚ್ಚು. ಅದನ್ನು ಹೊರಡಿಸಲು ಎಲೆಕ್ಟ್ರಾನಿಗೆ ಹೆಚ್ಚಿನ ವೋಲ್ಟಿನ ನೂಕು ಬೇಕು. ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿಯನ್ನು ಅಮೆರಿಕದ ನಿಕ್ ಹೊಲೊನ್ಯಾಕ್ 1962ರಲ್ಲೇ ತೋರಿಸಿದ್ದರು. ಪ್ರಖರ ನೀಲಿಗೆ ಜಗತ್ತು ಸುಮಾರು ಮೂವತ್ತು ವರ್ಷ ಕಾಯಬೇಕಾಯಿತು. ಅದನ್ನು ಸಾಧಿಸಿದ ಅಕಾಸಾಕಿ, ಅಮಾನೊ ಮತ್ತು ನಕಾಮುರ ಅವರಿಗೆ 2014ರ ಭೌತಶಾಸ್ತ್ರದ ನೊಬೆಲ್ ಬಹುಮಾನ ಬಂದಿತು.

ಪರಿಹಾರ ಸರಳ. 1.5 ವೋಲ್ಟಿನ ಎಂಟು ಪೆನ್‌ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 12 ವೋಲ್ಟ್. ಇಲ್ಲೊಂದು ಎಚ್ಚರ ಅಗತ್ಯ. ಮತ್ತೆ ಮತ್ತೆ ಚಾರ್ಜ್ ಮಾಡುವ ನಿಕಲ್ ಪೆನ್‌ಸೆಲ್‌ಗಳು ತಲಾ 1.2 ವೋಲ್ಟಿನವು. ಅಂಥ ಎಂಟು ಸೇರಿದರೂ 9.6 ಮಾತ್ರ, ಹತ್ತು ಬೇಕು. ಇನ್ನು ಚೌಕ ಬ್ಯಾಟರಿಯ ಒಳಗಿರುವುದು ಆರು ಪುಟ್ಟ ಕೋಶಗಳು. ಮೀಟರಿಗೆ 60 ಎಲ್‌ಇಡಿ ಇರುವ ಪಟ್ಟಿಯಲ್ಲಿ 20 ಗುಂಪು. ಗುಂಪಿಗೆ 20 ಮಿಲಿಆಂಪಿಯರ್ ಎಂದರೆ ಒಟ್ಟು 400. ಇಷ್ಟು ಪ್ರವಾಹವನ್ನು ಚೌಕ ಬ್ಯಾಟರಿ ಬಹಳ ಹೊತ್ತು ಕೊಡಲಾರದು. ಗೆಳೆಯನ ಕೆಂಪು ಖಡ್ಗವೂ ನಾಟಕದ ನಡುವೆಯೇ ಸೊರಗಬಹುದು.

ಬಿಡಿ ಎಲ್‌ಇಡಿ ಜೋಡಿಸಿದವರಿಗೆ

ಪಟ್ಟಿಯ ಬದಲು ಬಿಡಿ ಎಲ್‌ಇಡಿ ಬಳಸಿದ್ದರೆ ಮೊದಲು ರೆಸಿಸ್ಟರಿನ ಬಣ್ಣದ ಪಟ್ಟೆ ನೋಡಬೇಕು. 9 ವೋಲ್ಟಿನಲ್ಲಿ 3.2 ವೋಲ್ಟಿನ ಬಿಳಿ ಎಲ್‌ಇಡಿ ಕಳೆದರೆ ಉಳಿಯುವುದು 5.8. ಅದನ್ನು 0.02 ಆಂಪಿಯರಿನಿಂದ ಭಾಗಿಸಿದರೆ 290 ಓಮ್. ಅಂಗಡಿಯಲ್ಲಿ 330 ಓಮ್ ಕೇಳಿದರಾಯಿತು. ಅದರ ಪಟ್ಟೆಗಳು ಕಿತ್ತಳೆ, ಕಿತ್ತಳೆ, ಕಂದು. ತಪ್ಪಿ ಕಂದು, ಕಪ್ಪು, ಕೆಂಪು ಪಟ್ಟೆಯ 1000 ಓಮ್ ಹಾಕಿದ್ದರೆ ಪ್ರವಾಹ 6 ಮಿಲಿಆಂಪಿಯರಿಗೆ ಇಳಿದು ಬೆಳಕು ಮಂಕಾಗುತ್ತದೆ. ಹಾಗೆಂದು ರೆಸಿಸ್ಟರನ್ನೇ ಕಿತ್ತುಹಾಕಿದರೆ ಎಲ್‌ಇಡಿ ಒಮ್ಮೆ ಝಗ್ ಎಂದು ಹೊಳೆದು ಸುಟ್ಟುಹೋಗುತ್ತದೆ.

ಕೆಂಪು, ನೀಲಿ ಎರಡನ್ನೂ ಒಂದೇ ರೆಸಿಸ್ಟರಿಗೆ ಸಮಾಂತರವಾಗಿ ಜೋಡಿಸುವುದೂ ತಪ್ಪು. ಕಡಿಮೆ ವೋಲ್ಟಿಗೆ ತೃಪ್ತಿಪಡುವ ಕೆಂಪು ಪ್ರವಾಹವನ್ನೆಲ್ಲ ಕುಡಿದುಬಿಡುತ್ತದೆ. ನೀಲಿ ಕತ್ತಲಲ್ಲೇ ಉಳಿಯುತ್ತದೆ. ಪ್ರತಿ ಎಲ್‌ಇಡಿಗೂ ಅದರದೇ ರೆಸಿಸ್ಟರ್ ಇರಲಿ.

ಹಿಡಿಯ ಬಳಿ ಪ್ರಖರ, ತುದಿಯಲ್ಲಿ ಮಂಕು ಎಂದಾದರೆ ಸಣಕಲು ತಂತಿ ಅಥವಾ ಸರಿಯಾಗಿ ಹಿಡಿಯದ ಬೆಸುಗೆಯನ್ನು ಅನುಮಾನಿಸಬೇಕು. ತುದಿಗೂ ದಪ್ಪ ತಂತಿ ಒಯ್ದು ಎರಡೂ ಕಡೆಯಿಂದ ವಿದ್ಯುತ್ ಕೊಟ್ಟರೆ ಸರಿಹೋಗುತ್ತದೆ. ಬೆಳಕು ಚುಕ್ಕೆ ಚುಕ್ಕೆಯಾಗಿ ಕಂಡರೆ ಕೊಳವೆಯೊಳಗೆ ಟ್ರೇಸಿಂಗ್ ಕಾಗದದ ಒಂದೇ ಸುತ್ತು ಸಾಕು. ಎರಡು ಮೂರು ಸುತ್ತಿದರೆ ಕಾಗದವೇ ಬೆಳಕನ್ನು ನುಂಗುತ್ತದೆ.

ಪೋಷಕರಿಗೆ ಎರಡು ಮಾತು. ಹಳೆಯ ಮೊಬೈಲಿನಿಂದ ಕಿತ್ತ ಲಿಥಿಯಂ ಬ್ಯಾಟರಿ ಈ ಆಟಕ್ಕೆ ಬೇಡ. ತಂತಿ ತಾಗಿಕೊಂಡರೆ ಬೆಂಕಿ ಹತ್ತಬಹುದು. ಗುಂಡಿಯಾಕಾರದ ಬ್ಯಾಟರಿಗಳು ಪುಟ್ಟ ಮಕ್ಕಳ ಕೈಗೆ ಸಿಗಲೇಬಾರದು. ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ.

ಆ ಹುಡುಗ ಪ್ರತಿ ಸಲ ಒಂದನ್ನೇ ಬದಲಿಸಿದ, ಅಳೆದ, ಬರೆದಿಟ್ಟ. ಎಂಟು ಪೆನ್‌ಸೆಲ್ ಹಿಡಿಸಲು ಹಿಡಿ ದಪ್ಪವಾಯಿತು. ಅದಕ್ಕೆ ತಂದೆಯೇ ಅಡುಗೆಮನೆಯಿಂದ ಖಾಲಿ ಡಬ್ಬಿ ಹುಡುಕಿ ತಂದರು. ರಾತ್ರಿ ದೀಪ ಆರಿಸಿ ಸ್ವಿಚ್ಚು ಒತ್ತಿದಾಗ ಗೋಡೆಯೆಲ್ಲ ನೀಲಿಯಾಯಿತು. ರೆಡಿಮೇಡ್ ಖಡ್ಗದ ಮಾತನ್ನು ತಂದೆ ಮತ್ತೆ ಎತ್ತಲಿಲ್ಲ.